ಕಾಯಿ ಬಿಟ್ಟ ಮೇಲೆ ಬಟ್ಟಲಿಗೆ ಏನು ಬಂತು?

ಉಡುಪಿಯಲ್ಲಿರುವ ನನ್ನ ದೊಡ್ಡಮ್ಮ ರಕ್ತಪರೀಕ್ಷೆಯ ರಿಪೋರ್ಟ್ ಬಂದ ದಿನವೇ ತೆಂಗಿನಕಾಯಿ ಬಿಟ್ಟರು. ಕಾಯಿ ಅರೆದು ಮಾಡುವ ಗಸಿ ಇಲ್ಲ, ಪಲ್ಯಕ್ಕೆ ಕಾಯಿತುರಿ ಇಲ್ಲ, ಒಗ್ಗರಣೆಗೆ ಎಣ್ಣೆ ಹನಿ ಲೆಕ್ಕ. ಊಟ ಸಪ್ಪೆಯಾಯಿತು, ಹೊಟ್ಟೆ ತುಂಬಲಿಲ್ಲ. ಹಾಗಾಗಿ ಎರಡು ಸೌಟು ಅನ್ನ ಜಾಸ್ತಿ, ಸಂಜೆ ಚಾಕ್ಕೆ ನಾಲ್ಕು ರಸ್ಕ್. ಆರು ತಿಂಗಳ ಮೇಲೆ ನೋಡಿದರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿದಿತ್ತು. ಟ್ರೈಗ್ಲಿಸರೈಡ್ ಏರಿತ್ತು. ತೂಕ ಇದ್ದಲ್ಲೇ ಇತ್ತು.

"ಇಷ್ಟು ಪಥ್ಯ ಮಾಡಿದರೂ ಹೀಗ್ಯಾಕೆ ಮಾರಾಯ?" ಎಂದು ಕೇಳಿದರು.

ಅನ್ನ, ರಸ್ಕ್ ಎರಡರಲ್ಲೂ ಇರುವ ಪಿಷ್ಟ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗುತ್ತದೆ. ಅದನ್ನು ಕೂಡಿಡಲು ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ಇರುವ ಜಾಗ ಕಡಿಮೆ. ಅದು ತುಂಬಿದ ಮೇಲೂ ಬರುತ್ತಲೇ ಇದ್ದರೆ ಪಿತ್ತಜನಕಾಂಗ ಮಿಕ್ಕಿದ್ದರಲ್ಲಿ ಒಂದಷ್ಟನ್ನು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಅದೇ ಟ್ರೈಗ್ಲಿಸರೈಡ್. ಬಟ್ಟಲಲ್ಲಿ ಎಣ್ಣೆ ಕಾಣದಿದ್ದರೂ ರಕ್ತದಲ್ಲಿ ಕೊಬ್ಬು ಏರುವುದು ಹೀಗೆ. ಇದರ ಜೊತೆಗೆ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುವುದೂ ಉಂಟು.

ಹಾಗಂತ ತೆಂಗಿನೆಣ್ಣೆಯನ್ನು ಬೇಕಾದಷ್ಟು ಸುರಿಯಬಹುದೇ? ಖಂಡಿತ ಬೇಡ. ನಮ್ಮ ಊರಿನ ಎಣ್ಣೆ ಎಂಬ ಪ್ರೀತಿ ನನಗೂ ಇದೆ. ಆದರೆ ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಗಟ್ಟಿಯಾಗುವ ಬಗೆಯ ಕೊಬ್ಬು. ಇಂಥ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಎತ್ತಿಕೊಳ್ಳುವ ಪಿತ್ತಜನಕಾಂಗದ ಕೆಲಸ ನಿಧಾನವಾಗುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 22 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಅಷ್ಟು ಮುಗಿಯುತ್ತದೆ.

ತೂಕದ ಮಾತು ಬೇರೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಅದಕ್ಕೇ ಕೊಬ್ಬು ಬಿಟ್ಟರೆ ಸಾಕು ಎಂದು ಅನಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದರು, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ. ದೊಡ್ಡ ವ್ಯತ್ಯಾಸವೇನಲ್ಲ, ಅಲ್ವಾ? ಎರಡೂ ಗುಂಪಿನವರಿಗೆ ಹೇಳಿದ್ದು ಒಂದೇ: ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ.

ಹಾಗಾಗಿ ಒಂದನ್ನು ಬಿಟ್ಟಾಗ ಅದರ ಜಾಗಕ್ಕೆ ಏನು ಬಂತು ಎಂದು ನೋಡಬೇಕು. ದೊಡ್ಡಮ್ಮನ ಮನೆಯಲ್ಲಿ ಕಾಯಿಯ ಜಾಗಕ್ಕೆ ರಸ್ಕ್ ಬಂದಿತ್ತು. ಬರಬೇಕಾಗಿದ್ದು ಹುರುಳಿ ಸಾರು, ಬಸಳೆ, ಅಲಸಂಡೆ, ಬೂತಾಯಿ. ಬೂತಾಯಿ, ಬಂಗುಡೆ ಮೀನುಗಳಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಚೆನ್ನಾಗಿದೆ, ಅದು ಟ್ರೈಗ್ಲಿಸರೈಡ್ ಇಳಿಸಲು ನೆರವಾಗುತ್ತದೆ. ಕಾಯಿ ಹಾಕದೆ ಹುಳಿ, ಮೆಣಸಿನಲ್ಲಿ ಮಾಡುವ ಮೀನಿನ ಪುಳಿಮುಂಚಿ ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ರವಾ ಫ್ರೈ ಮಾಡಿದರೆ ಮಾತ್ರ ರವೆ ಎಣ್ಣೆ ಕುಡಿದುಬಿಡುತ್ತದೆ. ಕೆಂಪು ಕುಚ್ಚಲಕ್ಕಿಯಲ್ಲಿ ತೌಡು ಉಳಿದಿರುವುದರಿಂದ ನಾರು ಹೆಚ್ಚು. ಆದರೂ ಅದು ಅನ್ನವೇ, ಅಳತೆ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಸುಮ್ನೆ ಅನ್ನ ಅರ್ಧಕ್ಕೆ ಇಳಿಸಬಾರದು, ಸಕ್ಕರೆ ತೀರಾ ಕುಸಿಯಬಹುದು.

ಈಗ ದೊಡ್ಡಮ್ಮನ ಪಲ್ಯಕ್ಕೆ ಕಾಯಿತುರಿ ವಾಪಸ್ ಬಂದಿದೆ, ಇಡೀ ಮನೆಗೆ ಒಂದು ಹಿಡಿ. ಅನ್ನ ಎರಡು ಸೌಟು ಕಡಿಮೆ. ರಸ್ಕಿನ ಡಬ್ಬದಲ್ಲಿ ಹುರಿದ ನೆಲಗಡಲೆ ಇದೆ. ಮುಂದಿನ ರಕ್ತಪರೀಕ್ಷೆ ದೀಪಾವಳಿ ಕಳೆದ ಮೇಲೆ.