446 ಮೆಗಾಹರ್ಟ್ಸ್: ಎಲ್ಲರ ಚಾನೆಲ್‌ಗೆ ಡಿಜಿಟಲ್ ದನಿ ಬಂದ ಬಗೆ

ಪರವಾನಗಿಯಿಲ್ಲದೆ ಬಳಸುವ ವಾಕಿಟಾಕಿಯ ಚಾನೆಲ್ ಯಾರೊಬ್ಬರ ಸ್ವತ್ತೂ ಅಲ್ಲ. ಊರ ಬಾವಿಕಟ್ಟೆಯಲ್ಲಿ ಸರದಿ ಕಾಯುವಂತೆ, ಬೇರೆಯವರ ಮಾತು ಕಿವಿಗೆ ಬಿದ್ದರೆ ಗುಂಡಿ ಒತ್ತದೆ ಕಾಯಬೇಕು ಎಂಬುದಷ್ಟೇ ಅಲ್ಲಿನ ಕಟ್ಟಳೆ. ಈ ಚಾನೆಲ್‌ಗಳಲ್ಲಿ ಡಿಜಿಟಲ್ ದನಿ ಬೇಕೇ ಬೇಡವೇ ಎಂಬ ಚರ್ಚೆಯನ್ನು ಸ್ಪಷ್ಟತೆಯ ಪ್ರಶ್ನೆ ಎಂಬಂತೆ ನೋಡುವುದು ವಾಡಿಕೆ; ನನಗೆ ಅದು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆಯೇ ಎಂಬ ಪ್ರಶ್ನೆಯಾಗಿಯೇ ಕಾಣುತ್ತದೆ.

ಯುರೋಪಿನ ದೂರಸಂಪರ್ಕ ಆಡಳಿತಗಳ ಒಕ್ಕೂಟವಾದ ಸಿಇಪಿಟಿ 1998ರಲ್ಲಿ 446.0ರಿಂದ 446.1 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಸಾರ್ವಜನಿಕರ ಕೈರೇಡಿಯೊಗಳಿಗೆ ಮೀಸಲಿಟ್ಟಿತು. ಪಿಎಂಆರ್446 ಎಂಬ ಹೆಸರಿನ ಈ ಸೇವೆಯಲ್ಲಿ ತಲಾ 12.5 ಕಿಲೋಹರ್ಟ್ಸ್ ಅಗಲದ 8 ಚಾನೆಲ್‌ಗಳಿದ್ದವು, ಶಕ್ತಿ ಅರ್ಧ ವ್ಯಾಟ್ ಮೀರುವಂತಿರಲಿಲ್ಲ, ಆಂಟೆನಾ ಸೆಟ್ಟಿಗೇ ಅಂಟಿಕೊಂಡಿರಬೇಕಿತ್ತು, ದನಿ ಅನಲಾಗ್ ಎಫ್‌ಎಂ ಆಗಿತ್ತು.

ಡಿಜಿಟಲ್ ದನಿಗೆ ಬಾಗಿಲು ತೆರೆದದ್ದು 2005ರಲ್ಲಿ, ಅದೂ ಪಕ್ಕದ ಮನೆಯಲ್ಲಿ. ಹಳೆಯ ಪಟ್ಟಿಯನ್ನು ಮುಟ್ಟದೆ, 446.1ರಿಂದ 446.2 ಮೆಗಾಹರ್ಟ್ಸ್ ಭಾಗವನ್ನು ಡಿಜಿಟಲ್ ಸೆಟ್ಟುಗಳಿಗಾಗಿ ಪ್ರತ್ಯೇಕವಾಗಿ ಕೊಡಲಾಯಿತು. ಅಲ್ಲಿ ಎರಡು ಪದ್ಧತಿಗಳು ನೆಲೆಯೂರಿದವು: ಡಿಪಿಎಂಆರ್ ಪ್ರತಿ ಸಂಭಾಷಣೆಯನ್ನು 6.25 ಕಿಲೋಹರ್ಟ್ಸ್‌ನೊಳಗೆ ಅಡಗಿಸಿ ಚಾನೆಲ್‌ಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುತ್ತದೆ, ಡಿಎಂಆರ್ 12.5 ಕಿಲೋಹರ್ಟ್ಸ್ ಅಗಲವನ್ನೇ ಉಳಿಸಿಕೊಂಡು ಕಾಲವನ್ನು ಎರಡು ಪಾಳಿಗಳಾಗಿ ಸೀಳುತ್ತದೆ. ಮಾತನ್ನು ಹಿಡಿದು ಮರುಪ್ರಸಾರ ಮಾಡುತ್ತ ಪಾಳಿಗಳ ಹೊಂದಾಣಿಕೆ ನೋಡಿಕೊಳ್ಳುವ ರಿಪೀಟರ್ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವಾಗ ಎರಡನೆಯ ಪದ್ಧತಿಯ ಈ ಉಳಿತಾಯ ಹೆಚ್ಚಾಗಿ ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ನಡುವೆ ಗೋಡೆ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಎರಡೂ ಬಗೆಯ ಸೆಟ್ಟುಗಳನ್ನು ಒಂದೇ ಚಾನೆಲ್‌ನಲ್ಲಿ ಇಟ್ಟು ನೋಡಬೇಕು. ಡಿಜಿಟಲ್ ಸೆಟ್ಟು ದನಿಯನ್ನು ಬಿಟ್‌ಗಳಾಗಿ ಮಾರ್ಪಡಿಸಿ ಕಳಿಸುವುದರಿಂದ ಅನಲಾಗ್ ಸೆಟ್ಟಿನಲ್ಲಿ ಅದು ಗರಗಸ ಉಜ್ಜಿದಂತಹ ಕರ್ಕಶ ಸದ್ದಾಗಿ ಹೊರಡುತ್ತದೆ. ಅನಲಾಗ್ ಮಾತು ಡಿಜಿಟಲ್ ಸೆಟ್ಟಿನಲ್ಲಿ ಸದ್ದನ್ನೂ ಮಾಡುವುದಿಲ್ಲ, ಚಾನೆಲ್‌ನಲ್ಲಿ ತರಂಗವಿದೆ ಎಂದು ಸೂಚಕ ದೀಪವೊಂದು ಹೊತ್ತಿಕೊಂಡರೆ ಅದೇ ಹೆಚ್ಚು. ಹಾಗೆಂದು ಅನಲಾಗ್ ಬಳಕೆದಾರರೆಲ್ಲ ಪರಸ್ಪರ ಕಿವಿಗೊಡುತ್ತಿದ್ದರು ಎನ್ನುವಂತಿಲ್ಲ. ತಮ್ಮ ಗುಂಪಿನ ಟೋನ್ ಬಾರದಿದ್ದರೆ ಸ್ಪೀಕರನ್ನು ಮೌನವಾಗಿಡುವ ಸಿಟಿಸಿಎಸ್‌ಎಸ್ ಸೌಲಭ್ಯ ಅದಾಗಲೇ ಬಳಕೆಯಲ್ಲಿತ್ತು. ಆದರೆ ಆ ಕಿವಿಹತ್ತಿಯನ್ನು ಬೇಕಾದಾಗ ತೆಗೆಯಬಹುದಿತ್ತು.

2015ರ ಸಿಇಪಿಟಿ ನಿರ್ಣಯ ಈ ಗೋಡೆಯನ್ನು ಕೆಡವಿತು. ಅನಲಾಗ್ ಸೆಟ್ಟುಗಳಿಗೆ 446.2ರವರೆಗೂ ಹರಡಿಕೊಂಡು 16 ಚಾನೆಲ್ ಬಳಸುವ ಅವಕಾಶ ದೊರೆತರೆ, ಡಿಜಿಟಲ್ ಸೆಟ್ಟುಗಳಿಗೆ 2018ರ ಆರಂಭದಿಂದ ಇಡೀ ಪಟ್ಟಿ ತೆರೆದುಕೊಂಡಿತು. ಕೊಟ್ಟು ತೆಗೆದುಕೊಂಡ ಈ ವ್ಯವಹಾರದಲ್ಲಿ ಜಾಗ ಇಬ್ಬರಿಗೂ ಹೆಚ್ಚಿತು, ಕೇಳಿಸದಿರುವ ತೊಂದರೆ ಮಾತ್ರ ಇದ್ದಲ್ಲೇ ಉಳಿಯಿತು.

ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 2017ರಲ್ಲಿ ನಿಯಮಗಳನ್ನು ಪರಿಷ್ಕರಿಸಿ, ಪರವಾನಗಿ ಬೇಡದ ಎಫ್‌ಆರ್‌ಎಸ್ ಮತ್ತು ಪರವಾನಗಿ ಬೇಕಾದ ಜಿಎಂಆರ್‌ಎಸ್ ಎಂಬ ಎರಡೂ ರೇಡಿಯೊ ಸೇವೆಗಳು 22 ಚಾನೆಲ್‌ಗಳನ್ನು ಹಂಚಿಕೊಳ್ಳುವಂತೆ ಮಾಡಿತು. ಕೈಸೆಟ್ಟುಗಳಿಂದ ಕಿರುಸಂದೇಶ ಹಾಗೂ ಸ್ಥಳಮಾಹಿತಿಯನ್ನು, 30 ಸೆಕೆಂಡಿಗೊಮ್ಮೆ, ಒಂದು ಸೆಕೆಂಡು ಮೀರದಂತೆ ಕಳಿಸಲು ಅದು ಒಪ್ಪಿತು. ದನಿಯನ್ನು ಮಾತ್ರ ಅನಲಾಗ್ ಆಗಿಯೇ ಉಳಿಸಿತು. ಅರ್ಧ ವ್ಯಾಟಿನ ಆಟಿಕೆಯಂತಹ ಸೆಟ್ಟೂ 50 ವ್ಯಾಟಿನ ವಾಹನದ ಸೆಟ್ಟೂ ಅಕ್ಕಪಕ್ಕದಲ್ಲಿರುವ ಕಡೆ ಈ ಬಿಗಿ ನನಗೆ ಅತಿಯೆನಿಸುವುದಿಲ್ಲ.

ಭಾರತ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಗೆ ಪರವಾನಗಿ ವಿನಾಯಿತಿ ನೀಡಿದ ನಿಯಮಗಳು ಹೊರಬಿದ್ದದ್ದು 2018ರಲ್ಲಿ, ಯುರೋಪಿನ ಗೋಡೆ ಪೂರ್ತಿ ಬಿದ್ದ ವರ್ಷದಲ್ಲೇ. ಹೀಗಾಗಿ ಪಟ್ಟಿ ಇಬ್ಭಾಗವಾಗಿದ್ದ ಕಾಲವನ್ನು ನಾವು ಕಾಣಲಿಲ್ಲ. ಆನ್‌ಲೈನ್ ಮಾರಾಟದ ವಾಕಿಟಾಕಿಗಳ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸೆಟ್ಟು ಯಾವ ಆವರ್ತನದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಖರೀದಿದಾರರಿಗೆ ತಿಳಿಸಬೇಕೆನ್ನುತ್ತದೆ. ಮಲೆನಾಡಿನಲ್ಲಿ ಚಾರಣಕ್ಕೆ ಹೊರಟ ಎರಡು ತಂಡಗಳ ಸೆಟ್ಟುಗಳ ಆವರ್ತನ ಒಂದೇ ಆಗಿದ್ದರೂ, ಒಂದು ಅನಲಾಗ್, ಇನ್ನೊಂದು ಡಿಜಿಟಲ್ ಆಗಿದ್ದರೆ, ಅವುಗಳ ನಡುವೆ ದಾಟುವುದು ಆ ಗರಗಸದ ಸದ್ದು ಮಾತ್ರ.