ಹಳೇ ಚೈನ್‌ಸಾ ತಗೋಬೋದಾ? ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಚೈನ್‌ಸಾ (ಮರ ಕೊಯ್ಯೋ ಮೆಷಿನ್) ಒಂದು ಕಡಿಮೆ ರೇಟಿಗೆ ಸಿಗ್ತಾ ಇದೆ, 20 ವರ್ಷದ ಮೇಲಾಗಿದೆ ಅಂತೆ. "ಹೋದ ವರ್ಷದ ತನಕ ಚೆನ್ನಾಗೇ ಓಡ್ತಿತ್ತು, ಈಗ ಸ್ಟಾರ್ಟ್ ಆಗ್ತಿಲ್ಲ ಅಷ್ಟೇ, ಕಾರ್ಬೊರೇಟರ್ ಕ್ಲೀನ್ ಮಾಡಿದ್ರೆ ಸಾಕು" ಅಂತಿದಾರೆ ಮಾರೋರು. ತಗೋಬೋದಾ? ಏನು ನೋಡಿ ತಗೋಬೇಕು?

ತಗೋಬೋದು. ಆದ್ರೆ ಪಿಸ್ಟನ್ನನ್ನ ಕಣ್ಣಾರೆ ನೋಡದೆ ದುಡ್ಡು ಕೊಡ್ಬೇಡಿ. ಉತ್ತರ ಇಷ್ಟೇ, ಇನ್ನು ಮಿಕ್ಕಿದ್ದೆಲ್ಲ ಅದು ಯಾಕೆ ಅನ್ನೋದು.

ಆ "ಕಾರ್ಬೊರೇಟರ್ ಕ್ಲೀನ್ ಮಾಡಿದ್ರೆ ಸಾಕು" ಅನ್ನೋ ಮಾತು ಇದೆಯಲ್ಲ, ಹಳೇ ಚೈನ್‌ಸಾ ಮಾರೋರು ಹೆಚ್ಚುಕಮ್ಮಿ ಎಲ್ರೂ ಹೇಳೋದು ಅದನ್ನೇ. ಸುಳ್ಳು ಹೇಳ್ತಾರೆ ಅಂತಲ್ಲ, ಎಷ್ಟೋ ಸಲ ಅದು ನಿಜಾನೇ ಆಗಿರುತ್ತೆ, ಪೆಟ್ರೋಲ್ ಹಾಕಿ ಹಾಗೇ ಇಟ್ಟು ಮರೆತಿರ್ತಾರೆ, ಅದು ಒಣಗಿ ಅಂಟು ಥರ ಆಗಿ ಸಣ್ಣ ಸಣ್ಣ ತೂತೆಲ್ಲ ಕಟ್ಕೊಂಡಿರುತ್ತೆ. ತೊಂದರೆ ಏನಂದ್ರೆ ಪಿಸ್ಟನ್ ಸುಟ್ಟಿರೋ ಮೆಷಿನ್ ಕೂಡ ಹೊರಗಿಂದ ಹೀಗೇ ಕಾಣುತ್ತೆ, ಅದೂ ಸ್ಟಾರ್ಟ್ ಆಗಲ್ಲ. ಒಂದರ ರಿಪೇರಿ ಒಂದು ಸಂಜೆ ಕೆಲಸ, ಇನ್ನೊಂದಕ್ಕೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಚೈನ್‌ಸಾದಲ್ಲಿರೋದು ಟೂ ಸ್ಟ್ರೋಕ್ ಇಂಜಿನ್. ಕಾರಲ್ಲಿ ಇರೋ ಹಾಗೆ ಇದಕ್ಕೆ ಬೇರೆ ಇಂಜಿನ್ ಆಯಿಲ್ ಇಲ್ಲ, ಪೆಟ್ರೋಲ್ ಜೊತೆ ಕಲಸಿ ಹಾಕ್ತೀವಲ್ಲ ಆ ಆಯಿಲ್ಲೇ ಬೇರಿಂಗು, ಪಿಸ್ಟನ್ನು, ರಿಂಗು ಎಲ್ಲದಕ್ಕೂ. ಹಾಗಾಗಿ ಯಾರೋ ಒಂದೇ ಒಂದು ದಿನ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದ್ರೂ ಸಾಕು, ಅಥವಾ ಎಲ್ಲೋ ಒಂದು ರಬ್ಬರ್ ಸೀಳಿ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆದ್ರೂ ಸಾಕು, ಪಿಸ್ಟನ್ ಬಿಸಿಯಾಗಿ ಸಿಲಿಂಡರ್ ಗೋಡೆಗೆ ಉಜ್ಜಿ ಅಲ್ಯುಮಿನಿಯಂ ಕರಗಿ ಮೆತ್ಕೊಳ್ಳುತ್ತೆ. ಅಲ್ಲಿಗೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿನ ಒತ್ತಿ ಹಿಡಿಯೋ ಶಕ್ತಿ, ಹೋಯ್ತು.

ಈಗ ನೋಡೋ ವಿಧಾನ. ಮೊದಲು ಇಗ್ನಿಷನ್ ಸ್ವಿಚ್ ಆಫ್ ಇಟ್ಟು ಸ್ಟಾರ್ಟ್ ಮಾಡೋ ದಾರ ನಿಧಾನಕ್ಕೆ ಎಳೀರಿ. ಕೈಗೆ ಒಂದು ತಡೆ ಸಿಗ್ಬೇಕು, ದಾಟ್ತು, ಮತ್ತೆ ತಡೆ, ಹಾಗೆ. ಆಮೇಲೆ ದಾರದ ಹಿಡಿ ಮಾತ್ರ ಹಿಡ್ಕೊಂಡು ಮೆಷಿನ್ನನ್ನ ನೇತಾಡಿಸಿ (ಕೆಳಗೆ ಕೈ ಕೊಟ್ಕೊಂಡು, ಬೀಳಿಸ್ಬೇಡಿ). ಇಂಜಿನ್ ಚೆನ್ನಾಗಿದ್ರೆ ತಡೆದು ತಡೆದು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತೆ, ಸೊರ್ ಅಂತ ಒಂದೇ ಸಲಕ್ಕೆ ಕೆಳಗೆ ಬಂತು ಅಂದ್ರೆ ಕಂಪ್ರೆಷನ್ ಇಲ್ಲ. ಕಂಪ್ರೆಷನ್ ಗೇಜ್ ಇದ್ರೆ ಇನ್ನೂ ಒಳ್ಳೇದು, 120 ರಿಂದ 150 ಪಿಎಸ್‌ಐ ಅಥವಾ ಅದಕ್ಕಿಂತ ಮೇಲೆ ತೋರಿಸಿದ್ರೆ ಖುಷಿ ಪಡಬೋದು, 100ರ ಕೆಳಗೆ ಬಂದ್ರೆ ಅನುಮಾನ ಪಡಿ. ಕಂಪ್ರೆಷನ್ ರಿಲೀಸ್ ಬಟನ್ (ದಾರ ಎಳೆಯೋದು ಹಗುರ ಆಗ್ಲಿ ಅಂತ ಒತ್ತಡ ಬಿಡೋ ಬಟನ್) ಇರೋ ಮಾಡೆಲ್ ಆದ್ರೆ ಅದು ಒತ್ತಿರ್ಬಾರ್ದು, ಅದು ಒತ್ತಿದ್ದಾಗ ಚೆಕ್ ಮಾಡಿ ಒಳ್ಳೇ ಮೆಷಿನ್ ಬಿಟ್ಟು ಬಂದೋರೂ ಇದಾರೆ.

ಆದ್ರೆ ಇದೂ ಪೂರ್ತಿ ನಂಬೋ ಹಾಗಿಲ್ಲ. ಗೀರು ಬಿದ್ದ ಪಿಸ್ಟನ್ ಕೆಲವು ಸಲ ಗೇಜಲ್ಲಿ ಪರವಾಗಿಲ್ಲ ಅನ್ನೋ ಹಾಗೇ ತೋರಿಸುತ್ತೆ. ಅದಕ್ಕೇ ಸೈಲೆನ್ಸರ್ ಬಿಚ್ಚಿ ಅನ್ನೋದು. ಬಹಳಷ್ಟು ಮಾಡೆಲಲ್ಲಿ ಎರಡು ಮೂರು ಬೋಲ್ಟು, ಹೆಚ್ಚಂದ್ರೆ 10 ನಿಮಿಷ. ಪ್ಲಗ್ ವೈರ್ ತೆಗೆದು, ಸೈಲೆನ್ಸರ್ ಇಳಿಸಿ, ಟಾರ್ಚ್ ಹಾಕಿ ಆ ತೂತೊಳಗೆ ನೋಡ್ತಾ ದಾರ ನಿಧಾನ ಎಳೆದ್ರೆ ಪಿಸ್ಟನ್ ಮೇಲೆ ಕೆಳಗೆ ಹೋಗೋದು ಕಾಣುತ್ತೆ. ಪಿಸ್ಟನ್ ಮೈ ಮೇಲೆ ಅಡ್ಡಡ್ಡ ನೂಲಿನ ಥರ ಸಣ್ಣ ಗೆರೆಗಳಿದ್ರೆ ಅದು ಫ್ಯಾಕ್ಟರಿಯಲ್ಲಿ ಲೇತಲ್ಲಿ ಕಡೆದ ಗುರುತು, ಇನ್ನೂ ಸವೆದಿಲ್ಲ ಅಂತ ಅರ್ಥ, ಅದು ಕಂಡ್ರೆ ಹೆಚ್ಚು ಮಾತಾಡದೆ ತಗೊಳ್ಳಿ. ಉದ್ದುದ್ದ ಮೇಲಿಂದ ಕೆಳಗೆ ಗೀರಿದ್ರೆ, ಉಗುರು ಆಡಿಸಿದಾಗ ಸಿಕ್ಕಿಹಾಕ್ಕೊಂಡ್ರೆ, ಅದು ಸುಟ್ಟಿರೋ ಪಿಸ್ಟನ್. ರಿಂಗು ಪಿಸ್ಟನ್‌ಗೆ ಅಂಟ್ಕೊಂಡು ಒತ್ತಿದ್ರೆ ಅಲ್ಲಾಡದೇ ಇರೋದೂ ಅಲ್ಲೇ ಗೊತ್ತಾಗುತ್ತೆ.

ಗೀರು ಯಾವ ಕಡೆ ಇದೆ ಅನ್ನೋದೂ ಒಂದು ಕಥೆ ಹೇಳುತ್ತೆ. ಸೈಲೆನ್ಸರ್ ಕಡೆ ಮಾತ್ರ ಇದ್ರೆ ಬಹುತೇಕ ಬಿಸಿ ಜಾಸ್ತಿ ಆಗಿದೆ, ಪೆಟ್ರೋಲ್ ಸಾಲ್ದೆ ಓಡಿದೆ. ಕಾರ್ಬೊರೇಟರ್ ಕಡೆ ಮಂಕಾಗಿ ತಿಕ್ಕಿದ ಹಾಗೆ ಸವೆದಿದ್ರೆ ಏರ್ ಫಿಲ್ಟರ್ ದಾಟಿ ಮರದ ಪುಡಿ, ಧೂಳು ಒಳಗೆ ಹೋಗಿದೆ. ಸುತ್ತ ನಾಲ್ಕೂ ಕಡೆ ಇದ್ರೆ ಆಯಿಲ್ ಇಲ್ಲದ ಪೆಟ್ರೋಲ್.

ಇಲ್ಲಿ ನಾನು ಅನುಭವಿಸಿದ್ದು ಹೇಳ್ಲೇಬೇಕು. ಮೊದಲ ಸಲ ಹೀಗೇ ಗೀರಾಗಿದ್ದ ಒಂದು ಮೆಷಿನ್ ತಂದು, ಹೊಸ ಸಿಲಿಂಡರ್ ಪಿಸ್ಟನ್ ಸೆಟ್ ಹಾಕಿ, ಎರಡೆಳೆತಕ್ಕೆ ಸ್ಟಾರ್ಟ್ ಆಯ್ತು ಅಂತ ಸಂಭ್ರಮ ಪಟ್ಟಿದ್ದೆ. ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯೋದ್ರೊಳಗೆ ಅದೂ ಹಿಡ್ಕೊಳ್ತು. ಮತ್ತೆ ಬಿಚ್ಚಿ ಒಂದೊಂದೇ ಪಾರ್ಟ್ ಬಟ್ಟೆ ಮೇಲೆ ಇಟ್ಟು ನೋಡ್ತಾ ಹೋದಾಗ ಕಾರ್ಬೊರೇಟರಿಗೂ ಸಿಲಿಂಡರಿಗೂ ಮಧ್ಯ ಇರೋ ರಬ್ಬರ್ ಬೂಟು ಕೈಗೆ ಬಂತು, ನೋಡೋಕೆ ಏನೂ ಆಗಿಲ್ಲ, ಆದ್ರೆ ಹೆಬ್ಬೆರಳಲ್ಲಿ ಬಗ್ಗಿಸಿದಾಗ ಮಡಿಕೆ ಒಳಗೆ ಕೂದಲೆಳೆಯಷ್ಟು ಸೀಳು ಬಾಯಿ ಬಿಡ್ತು, ಬೆರಳು ಬಿಟ್ರೆ ಮತ್ತೆ ಮುಚ್ಕೊಳ್ತು. ಇಂಜಿನ್ ಅಲುಗಾಡಿದಾಗೆಲ್ಲ ಅಲ್ಲಿಂದ ಗಾಳಿ ಎಳೀತಿತ್ತು. ಮೊದಲ ಪಿಸ್ಟನ್ ಸುಟ್ಟಿದ್ದೂ ಅದೇ, ಎರಡನೇದು ಸುಟ್ಟಿದ್ದೂ ಅದೇ. ಹಾಗಾಗಿ ಪಿಸ್ಟನ್ ಸುಟ್ಟಿರೋ ಮೆಷಿನ್ ತಗೊಂಡ್ರೆ ಯಾಕೆ ಸುಡ್ತು ಅಂತ ಕಾರಣ ಸಿಗೋ ತನಕ ಹೊಸ ಪಿಸ್ಟನ್ ಹಾಕ್ಲೇಬೇಡಿ.

ನಿಜ ಹೇಳ್ಬೇಕಂದ್ರೆ ಹಳೇ ಚೈನ್‌ಸಾದಲ್ಲಿ ವಯಸ್ಸಾಗೋದು ಲೋಹಕ್ಕಲ್ಲ, ರಬ್ಬರಿಗೆ. ಟ್ಯಾಂಕಿಂದ ಬರೋ ಪೆಟ್ರೋಲ್ ಪೈಪು, ಅದರ ತುದಿ ಫಿಲ್ಟರು, ಇಂಪಲ್ಸ್ ಪೈಪು (ಇಂಜಿನ್ನಿನ ಒತ್ತಡದಿಂದ ಕಾರ್ಬೊರೇಟರಿನ ಪಂಪ್ ಆಡಿಸೋದು), ಬೂಟು, ಕ್ರ್ಯಾಂಕಿನ ಎರಡೂ ಕಡೆ ಇರೋ ಸೀಲು, ಕಾರ್ಬೊರೇಟರ್ ಒಳಗಿನ ಡಯಾಫ್ರಾಮ್ ಅನ್ನೋ ತೆಳು ಪೊರೆ, ಇವೆಲ್ಲ ವರ್ಷ ಕಳೆದ ಹಾಗೆ ಗಟ್ಟಿಯಾಗ್ತವೆ. ಡಯಾಫ್ರಾಮ್ ತೆಗೆದು ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಬಾಗ್ಬೇಕು, ಒಣಗಿದ ಎಲೆ ಥರ ಚರಚರ ಅಂದ್ರೆ ಎಷ್ಟು ಕ್ಲೀನ್ ಮಾಡಿದ್ರೂ ಪ್ರಯೋಜನ ಇಲ್ಲ, ಕಿಟ್ ಬದಲಾಯಿಸಿ. ವಾಲ್ಬ್ರೋ, ಜಾಮಾ, ಟಿಲಟ್ಸನ್ ಯಾವುದೇ ಕಂಪನಿ ಕಾರ್ಬೊರೇಟರ್ ಇರ್ಲಿ, ಕಾರ್ಬೊರೇಟರ್ ಮೈ ಮೇಲೆ ನಂಬರ್ ಕೆತ್ತಿರ್ತಾರೆ, ಮೆಷಿನ್ ಮಾಡೆಲ್ ಹೇಳಿ ಕಿಟ್ ತರೋದಕ್ಕಿಂತ ಆ ನಂಬರ್ ಹೇಳಿ ತರೋದು ವಾಸಿ, ಯಾಕಂದ್ರೆ ಒಂದೇ ಮಾಡೆಲಿಗೆ ಬೇರೆ ಬೇರೆ ಕಾರ್ಬೊರೇಟರ್ ಬಂದಿರುತ್ತೆ.

ಗಾಳಿ ಸೋರೋದು ಓಡೋವಾಗಲೇ ಸುಳಿವು ಕೊಡುತ್ತೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಸೌಂಡು ಇಳಿಯದೆ ಮೇಲೇ ನಿಂತ್ರೆ, ಮೆಷಿನ್ ಮಗ್ಗುಲು ತಿರುಗಿಸಿದಾಗೆಲ್ಲ ಐಡಲ್ (ಆಕ್ಸಿಲರೇಟರ್ ಒತ್ತದೆ ಇದ್ದಾಗಿನ ಓಟ) ಬದಲಾಗ್ತಿದ್ರೆ ತಕ್ಷಣ ಆಫ್ ಮಾಡಿ. ಸರಿಯಾಗಿ ಪತ್ತೆ ಹಚ್ಚೋಕೆ ಸಿಲಿಂಡರಿನ ಎರಡೂ ಪೋರ್ಟ್ (ಕಾರ್ಬೊರೇಟರ್ ಕಡೆದು, ಸೈಲೆನ್ಸರ್ ಕಡೆದು) ರಬ್ಬರ್ ಶೀಟಿಂದ ಮುಚ್ಚಿ ಸಣ್ಣ ಕೈ ಪಂಪಲ್ಲಿ 7 ಪಿಎಸ್‌ಐ ಆಸುಪಾಸು ಗಾಳಿ ತುಂಬಿ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದ ಕಡೆ ತೂತು. ಅದೇ ಪಂಪಲ್ಲಿ ಎಳೆದೂ ನೋಡ್ಬೇಕು, ಕೆಲವು ಸೀಲು ಒಂದು ದಿಕ್ಕಿಗೆ ತಡೆದು ಇನ್ನೊಂದು ದಿಕ್ಕಿಗೆ ಬಿಡುತ್ತೆ. ಇದೊಂದು ಪರೀಕ್ಷೆ ಮಾಡಿದ್ರೆ ನನ್ನ ಎರಡನೇ ಪಿಸ್ಟನ್ ಉಳೀತಿತ್ತು.

ಬೇರಿಂಗ್ ನೋಡೋಕೆ ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಸಿಕ್ಕಿದ್ರೆ ಬಿಟ್ಟುಬಿಡಿ. ಕಿಡಿ ಬರದೇ ಇದ್ರೆ ಮೊದಲು ಪ್ಲಗ್ ಬದಲಾಯಿಸಿ, ಗ್ಯಾಪ್ 0.5 ಮಿಮೀ, ಆಮೇಲೆ ಸ್ವಿಚ್ ವೈರ್ ಬಿಡಿಸಿ ನೋಡಿ, ಆಮೇಲೆ ಕಿಡಿಗೆ ಕರೆಂಟ್ ಕೊಡೋ ಕಾಯಿಲ್. ಕಾಯಿಲಿಗೂ ಫ್ಲೈವೀಲಿಗೂ ಮಧ್ಯ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಜಾಗ ಇರ್ಬೇಕು, ಸುಮಾರು 0.3 ಮಿಮೀ. ತಣ್ಣಗಿದ್ದಾಗ ಓಡಿ ಬಿಸಿಯಾದ್ಮೇಲೆ ನಿಂತು ಆರಿದ್ಮೇಲೆ ಮತ್ತೆ ಓಡಿದ್ರೆ ಕಾಯಿಲ್ ಮೇಲೆ ಅನುಮಾನ ಬರುತ್ತೆ ಸರಿ, ಆದ್ರೆ ಕಾಯಿಲ್ ತರೋಕೆ ಮುಂಚೆ ಒಂದು ಸಲ ಪೆಟ್ರೋಲ್ ಮುಚ್ಚಳ ಸಡಿಲ ಮಾಡಿ, ಅಂದ್ರೆ ಇಂಜಿನ್ ಆಫ್ ಮಾಡಿ ಸ್ವಲ್ಪ ಆರಲು ಬಿಟ್ಟು, ಬಿಸಿ ಇಂಜಿನ್ ಹತ್ರ ಪೆಟ್ರೋಲ್ ಚೆಲ್ಲೋದು ಬೇಡ. ಟ್ಯಾಂಕ್ ಒಳಕ್ಕೆ ಉಸ್ ಅಂತ ಗಾಳಿ ಎಳ್ಕೊಂಡು ಆಮೇಲೆ ಸರಿಯಾಗಿ ಓಡಿದ್ರೆ ಟ್ಯಾಂಕಿನ ವೆಂಟ್ (ಗಾಳಿ ಒಳಗೆ ಬಿಡೋ ಸಣ್ಣ ದಾರಿ) ಕಟ್ಟಿದೆ ಅಷ್ಟೇ.

ಓಡ್ತಾ ಇರೋ ಮೆಷಿನ್ ನೋಡೋಕೆ ಹೋಗ್ತಿದ್ರೆ "ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ" ಅಂತ ಮೊದಲೇ ಹೇಳಿ. ಹೋದ ತಕ್ಷಣ ಸೈಲೆನ್ಸರ್ ಹತ್ರ ಕೈ ಹಿಡೀರಿ, ಬಿಸಿ ಹೊಡೀತಿದ್ರೆ ಆಗಲೇ ಓಡಿಸಿ ಇಟ್ಟಿದಾರೆ, ತಣ್ಣಗಿನ ಮೆಷಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನಿಮಗೆ ಗೊತ್ತಾಗಲ್ಲ.

ಬಾರು (ಚೈನ್ ಸುತ್ತೋ ಉದ್ದ ಪಟ್ಟಿ), ಚೈನು, ಅದನ್ನ ತಿರುಗಿಸೋ ಸ್ಪ್ರಾಕೆಟ್ಟು ಸವೆದಿದ್ರೆ ಹೆದರ್ಬೇಡಿ, ಅವು ಹೇಗಿದ್ರೂ ಬದಲಾಯಿಸೋ ವಸ್ತುಗಳೇ, ರೇಟು ಇಳಿಸೋಕೆ ಒಳ್ಳೇ ಕಾರಣ ಅಷ್ಟೇ. ಸ್ಪ್ರಾಕೆಟ್ ಹಲ್ಲಲ್ಲಿ 0.5 ಮಿಮೀ ಆಳ ಗುಳಿ ಬಿದ್ದಿದ್ರೆ ಹೊಸದು ಹಾಕಿ, ಇಲ್ಲಾಂದ್ರೆ ಹೊಸ ಚೈನನ್ನೂ ತಿಂದುಹಾಕುತ್ತೆ. ಚೈನ್ ತರೋವಾಗ ಪಿಚ್ (ಕೊಂಡಿಗಳ ಅಂತರದ ಅಳತೆ), ಗೇಜ್ (ಬಾರಿನ ಗಾಡಿಯಲ್ಲಿ ಕೂರೋ ಕೊಂಡಿಯ ದಪ್ಪ), ಆ ಕೊಂಡಿ ಅಂದ್ರೆ ಡ್ರೈವ್ ಲಿಂಕ್ ಎಷ್ಟಿವೆ ಅನ್ನೋ ಲೆಕ್ಕ, ಮೂರೂ ಬೇಕು. ಆಯಿಲ್ ಪಂಪ್ ನೋಡೋಕೆ ಬಾರಿನ ತುದಿನ ಒಂದು ರಟ್ಟಿನ ಹತ್ರ ಹಿಡಿದು (ತಾಗಿಸದೆ) ಆಕ್ಸಿಲರೇಟರ್ ಕೊಡಿ, ರಟ್ಟಿನ ಮೇಲೆ ಎಣ್ಣೆ ಗೆರೆ ಬೀಳ್ಬೇಕು.

ಪಾರ್ಟ್ಸ್ ಬಗ್ಗೆ ದುಡ್ಡು ಕೊಡೋಕೆ ಮುಂಚೆ ವಿಚಾರಿಸಿ. ಸ್ಟಿಲ್ 044, ಹಸ್ಕ್‌ವರ್ನಾ 372 ಥರದ ಮಾಡೆಲಿಗೆ ಬೇರೆ ಕಂಪನಿಯವ್ರು ಮಾಡಿದ್ದಾದ್ರೂ ಬೇಕಾದಷ್ಟು ಸಿಗುತ್ತೆ. ಹೋಮ್‌ಲೈಟ್, ಪಯನೀಯರ್ ಥರದ ಹಳೇ ಹೆಸರಾದ್ರೆ ಅದೇ ಮಾಡೆಲಿನ ಇನ್ನೊಂದು ಕೆಟ್ಟ ಮೆಷಿನ್ ಸಿಕ್ಕಿದ್ರೇನೇ ಗತಿ.

ಇನ್ನು ಚೈನ್ ಬ್ರೇಕ್. ಇದರಲ್ಲಿ ನಾನು ರಾಜಿ ಆಗಲ್ಲ. ಬಾರಿನ ಮೂತಿಯ ಮೇಲ್ಭಾಗ ಏನಕ್ಕಾದ್ರೂ ತಾಗಿದ್ರೆ ಮೆಷಿನ್ ಕಣ್ಣು ಮಿಟುಕಿಸೋದ್ರೊಳಗೆ ಮುಖದ ಕಡೆಗೆ ಎಗರುತ್ತೆ, ಆಗ ಚೈನ್ ನಿಲ್ಲಿಸೋದು ಮುಂದಿನ ಹಿಡಿಯ ಎದುರಿಗಿರೋ ಆ ಬ್ರೇಕ್ ಗಾರ್ಡು. 1970ರ ದಶಕದ ಶುರುವಿಗೆ ಮುಂಚಿನ ಮೆಷಿನ್‌ಗಳಲ್ಲಿ ಅದು ಇರ್ಲೇ ಇಲ್ಲ. ಅಂಥದ್ದು ಸಿಕ್ಕಿದ್ರೆ ರಿಪೇರಿ ಮಾಡಿ ಸೌಂಡ್ ಕೇಳಿ, ಮರಕ್ಕೆ ಇಡ್ಬೇಡಿ. ಬ್ರೇಕ್ ಇದ್ರೆ ಅದು ಹಾಕಿದಾಗ ಚೈನ್ ತಕ್ಷಣ ನಿಲ್ಲುತ್ತಾ, ಕೆಳಗೆ ಚೈನ್ ಕ್ಯಾಚರ್ (ಚೈನ್ ತುಂಡಾದ್ರೆ ತಡೆಯೋ ಕೊಕ್ಕೆ) ಮುರಿದಿಲ್ವಾ, ಐಡಲಲ್ಲಿ ಚೈನ್ ಸುತ್ತಲ್ವಾ ಅಂತ ನೋಡಿ.

ತಂದ ಮೇಲೆ ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ ಹೊಸದು ಹಾಕಿ. ಈಗಿನ ಒಳ್ಳೇ ಟೂ ಸ್ಟ್ರೋಕ್ ಆಯಿಲ್ ಆದ್ರೆ 50:1, ಅಂದ್ರೆ ಲೀಟರಿಗೆ 20 ಮಿಲಿ. ಹಳೇ ಮೆಷಿನ್ ಮೇಲೆ 25:1 ಅಂತಲೋ 16:1 ಅಂತಲೋ ಬರೆದಿದ್ರೆ ಅದು ಆ ಕಾಲದ ಆಯಿಲಿಗೆ ಹೇಳಿದ್ದು. ಟ್ಯೂನ್ ಮಾಡೋವಾಗ ಫುಲ್ ಆಕ್ಸಿಲರೇಟರಲ್ಲಿ ಮರದ ಹೊರಗೆ ಸ್ವಲ್ಪ ಒಡಕು ಸೌಂಡ್ ಬರ್ಬೇಕು, ಮರಕ್ಕೆ ಇಟ್ಟ ತಕ್ಷಣ ಆ ಒಡಕು ಹೋಗಿ ಸೌಂಡ್ ನೇರ ಆಗ್ಬೇಕು, ಹೊರಗೇ ಕೀ ಅಂತ ಕಿರುಚ್ತಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಕಾರ್ಬೊರೇಟರಿನ ಹೆಚ್ ಸ್ಕ್ರೂ (ಫುಲ್ ಸ್ಪೀಡಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸೋದು) ಸ್ವಲ್ಪ ಬಿಚ್ಚಿ.

ನಿಮ್ಮ ವಿಷಯಕ್ಕೆ ಬಂದ್ರೆ, ಹೋಗೋವಾಗ ಪ್ಲಗ್ ಸ್ಪ್ಯಾನರ್, ಎಲ್ ಕೀ ಮತ್ತೆ ಟಾರ್ಕ್ಸ್ ಸೆಟ್, ಒಂದು ಟಾರ್ಚ್ ತಗೊಂಡು ಹೋಗಿ. "ಸೈಲೆನ್ಸರ್ ಬಿಚ್ಚಿ ಒಂದು ಸಲ ನೋಡ್ಲಾ, ನಾನೇ ವಾಪಸ್ ಫಿಟ್ ಮಾಡಿ ಕೊಡ್ತೀನಿ" ಅಂತ ಮರ್ಯಾದೆಯಿಂದ ಕೇಳಿ. ಪಿಸ್ಟನ್ ಚೆನ್ನಾಗಿದ್ರೆ ಅವರು ಹೇಳಿದ ಕಾರ್ಬೊರೇಟರ್ ಮಾತು ನಿಜ ಇರೋ ಸಾಧ್ಯತೆ ಜಾಸ್ತಿ, ಧೈರ್ಯವಾಗಿ ತಗೊಳ್ಳಿ. ಬೇಡ ಬಿಚ್ಬೇಡಿ ಅಂದ್ರೆ ಪಿಸ್ಟನ್ ಸುಟ್ಟಿದೆ ಅಂತಲೇ ಲೆಕ್ಕ ಹಾಕಿ, ಗುಜರಿ ಪಾರ್ಟ್ಸ್ ರೇಟಿಗೆ ಕೊಡೋದಾದ್ರೆ ಕೊಡಿ ಅನ್ನಿ.