ಮಂತ್ರಕ್ಕೂ ಉತಾರ ಬೇಕಾದಾಗ

ಕಥೆ ತಿದ್ದುವುದು ನನ್ನ ಕೆಲಸ. ಬಾಗಲಕೋಟೆಯ ನವನಗರದಲ್ಲಿ ಕೂತು ಹೊಸಬರ ಹಸ್ತಪ್ರತಿ ಓದುತ್ತೇನೆ. ಈಚೆಗೆ ಮಾಯ, ಮಂತ್ರ, ಕರಾಳ ನಾಳೆಗಳ ಕಥೆ ಜಾಸ್ತಿ ಬರುತ್ತಿವೆ. ಅನ್ಯಾಯದ ಮೇಲಿನ ಸಿಟ್ಟು ಎಲ್ಲದರಲ್ಲೂ ಇದೆ. ಎಡವುವುದು ಹೆಚ್ಚಾಗಿ ಒಂದೇ ಕಡೆ: ಮಾಯ ಬಂದ ಕೂಡಲೇ ಅನ್ಯಾಯ ಮಾಯ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುತ್ತಿದೆ ಅನ್ನಿ. ಹುಡುಗಿಯೊಬ್ಬಳು ಮಂತ್ರ ಹೇಳುತ್ತಾಳೆ, ನೀರು ಹಿಂದೆ ಸರಿಯುತ್ತದೆ. ಮುಗಿಯಿತು. ಓದಿದವರಿಗೆ ಸಿಕ್ಕಿದ್ದು ಸುಮ್ನೆ ಒಂದು ಸಮಾಧಾನ. ಆಗ ನಾನು ಕೇಳುವುದು ಇಷ್ಟೇ: ಈ ಮಂತ್ರ ಯಾರ ಪಾಲಿಗೆ ಫಲಿಸುವುದಿಲ್ಲ?

ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಹೆಸರಿದ್ದವರ ಮನೆಯನ್ನು ಮಾತ್ರ ನೀರು ಬಿಟ್ಟುಕೊಡುತ್ತದೆ ಎಂದು ನಿಯಮ ಹಾಕಿ ನೋಡಿ. ಗೌಡರ ವಾಡೆ ಒಣಗಿ ನಿಲ್ಲುತ್ತದೆ. ಅವರ ಹೊಲವನ್ನೇ ಅಜ್ಜನ ಕಾಲದಿಂದ ಲಾವಣಿಗೆ (ಗೇಣಿಗೆ) ಮಾಡಿದವನ ಮನೆಯಲ್ಲಿ ಎದೆಮಟ್ಟ ನೀರು. "ನನ್ನ ಹೆಸರೂ ಹಚ್ಚವಾ ಮಂತ್ರದಾಗ" ಎಂದು ಅವನ ಹೆಂಡತಿ ಬೇಡುತ್ತಾಳೆ. ಹುಡುಗಿಗೆ ಮಂತ್ರ ಬರುತ್ತದೆ, ಹೆಸರು ಹಚ್ಚುವ ಅಧಿಕಾರವಿಲ್ಲ. ಮುಳುಗಡೆ ಪರಿಹಾರದ ಸಾಲಿನಲ್ಲಿ ಕಾಗದವಿಲ್ಲದೆ ನಿಂತವರ ಪಾಡು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕರಾಳ ರಾಜ್ಯ ಕಟ್ಟಲು ಕೆಂಗಣ್ಣಿನ ದೊರೆ ಬೇಕು ಅಂದುಕೊಳ್ಳುವವರು ಬಹಳ. ನನಗೆ ಗುಮಾಸ್ತ ಸಾಕು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಕೃಷ್ಣಾ ನದಿ ನೀರು ಹಂಚುವ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. 1720 ಅಡಿಯನ್ನು ಮೀಟರಿಗೆ ತಿರುಗಿಸಿದರೆ ಬರುವ ಅಂಕಿ ಅದು. ನೀರಿನ ಲೆಕ್ಕ ಮಿಲಿಮೀಟರ್ ತನಕ ಪಕ್ಕಾ. ನಿಮ್ಮ ಕಥೆಯ ಗುಮಾಸ್ತನ ರಿಜಿಸ್ಟರಿನಲ್ಲೂ ಹಾಗೇ ಇರಲಿ. ಆ ಗೆರೆಯ ಕೆಳಗಿನ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಬರೆಯಲು ಮಾತ್ರ ಅದರಲ್ಲಿ ಕಾಲಂ ಇರಬಾರದು. ಅವನು ಕೆಟ್ಟವನಾಗುವುದೂ ಬೇಡ. ಚಹಾ ಕೊಟ್ಟು, ಕೂಡ್ರಿಸಿ, ನಯವಾಗಿ 'ಇಲ್ಲ' ಅನ್ನಲಿ.

ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ 1985ರ ತಮ್ಮ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕಾದಂಬರಿಗೆ ಒಂದು ಕಟ್ಟು ಹಾಕಿಕೊಂಡಿದ್ದರು: ಇತಿಹಾಸದಲ್ಲಿ ಎಲ್ಲೂ ನಡೆಯದ ಕ್ರೌರ್ಯವನ್ನು ಅದರಲ್ಲಿ ತರುವುದಿಲ್ಲ ಎಂದು. ನಮ್ಮವರಿಗೂ ಇದು ಒಗ್ಗುತ್ತದೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1982ರಲ್ಲಿ ಕಾನೂನೇ ತರಬೇಕಾಯಿತು. ಹೊಸ ಕ್ರೌರ್ಯ ಹುಡುಕುತ್ತಾ ಬೇರೆ ಗ್ರಹಕ್ಕೆ ಯಾಕೆ ಹೋಗಬೇಕು?

ನನಗೆ ಹೆಚ್ಚು ಕಿರಿಕಿರಿ ಮಾಡುವುದು ಇನ್ನೊಂದು. ಜಾತಿಯ ವಿರುದ್ಧ ಬರೆದ ಕಥೆ, ನಾಯಕನ ಶಕ್ತಿ ಮಾತ್ರ ರಕ್ತದಿಂದ ಬಂದದ್ದು! ಕೊನೆಗೆ ಅವನು ಹಳೆಯ ರಾಜವಂಶದ ಕುಡಿ ಎಂದು ಬಯಲಾಗುತ್ತದೆ. ಹುಟ್ಟಿನಿಂದಲೇ ಒಬ್ಬ ಮೇಲು ಎಂದು ಒಪ್ಪಿದ ಮೇಲೆ ಯಾವುದರ ವಿರುದ್ಧ ಬರೆದ ಹಾಗಾಯಿತು? ಬಸವಣ್ಣನ ಬಾಗೇವಾಡಿ ಪಕ್ಕದಲ್ಲೇ ಇಟ್ಟುಕೊಂಡು ಹೀಗೆ ಬರೆದರೆ ನಾನು ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತೇನೆ. ವಿದ್ಯೆ ಕಲಿತರೆ ಬರುವಂತಿರಲಿ. ಕಲಿಸಲು ಒಲ್ಲೆ ಎನ್ನುವವರು ಯಾರು, ಅಲ್ಲಿಂದ ಜಗಳ ಶುರುವಾಗಲಿ.

ಕೂಡಲಸಂಗಮದಲ್ಲಿ ಹಿನ್ನೀರು ಏರುವಾಗ ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಸರಿಯಾದ ಕೆಲಸವೇ. ಹೊಸದಾಗಿ ಬರೆಯುವವರಿಗೆ ನಾನು ಕೊಡುವ ಅಭ್ಯಾಸ ಇಲ್ಲಿಂದ ಹುಟ್ಟಿದ್ದು: ನಿಮ್ಮ ಕಥೆಯ ಮಂತ್ರವಾದಿಗೆ ಒಂದೇ ಗೋಡೆ ಎಬ್ಬಿಸುವಷ್ಟು ಶಕ್ತಿಯಿದೆ, ಊರಿನಲ್ಲಿ ಏಳು ಓಣಿಗಳಿವೆ. ಪಂಚಾಯ್ತಿ ಸೇರಿಸಿ, ಮಾತು ಬರೆಯಿರಿ.